22 ಮೆಟ್ಟಿಲು, ಒಂದು ಮೇಜು, ಸ್ವಲ್ಪ ಅಡ್ಜಸ್ಟು

ನಾನು ಕೇಳಿದ್ದು ಒಂದು ಮೇಜು. ಹೊಸದೂ ಅಲ್ಲ. ಮೇಲಿನ ಮಹಡಿಯಲ್ಲಿ ಇಷ್ಟು ವರ್ಷ ನಾನು ಕೂತ ಅದೇ ಹಳೇ ಮೇಜು. ಅದನ್ನು ಕೆಳಗೆ ಟಪಾಲು ವಿಭಾಗದ ಪಕ್ಕದ ಖಾಲಿ ಜಾಗಕ್ಕೆ ಇಳಿಸಿಕೊಡಿ ಅಂದೆ. ನಡುವೆ ಇರುವುದು 22 ಮೆಟ್ಟಿಲು. ನನಗೆ ಎರಡು ವರ್ಷ ಇದ್ದಾಗ ಎಡಗಾಲಿಗೆ ಪೋಲಿಯೋ ಬಂತು. ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್ ಇದೆ, ಬಲಗೈಯಲ್ಲಿ ಊರುಗೋಲು.

ಆ ಮೇಜಿನದೂ ಒಂದು ಕಾಲು ಗಿಡ್ಡ. ಯಾರೋ ಪುಣ್ಯಾತ್ಮರು ಹಳೇ ಫಾರಂ ಒಂದನ್ನು ನಾಲ್ಕು ಮಡಿಕೆ ಮಡಚಿ ಅದರ ಅಡಿಗೆ ಕೊಟ್ಟಿದ್ದಾರೆ. ಅದಕ್ಕೆ ಅರ್ಜಿ ಇಲ್ಲ, ಸರ್ಟಿಫಿಕೇಟ್ ಇಲ್ಲ, ಅನುಮೋದನೆ ಇಲ್ಲ. ಸರ್ಕಾರಿ ಕಚೇರಿಯಲ್ಲಿ ಕುಂಟುವುದಾದರೆ ಮೇಜಾಗಿ ಕುಂಟಬೇಕು.

ಶಿವಮೊಗ್ಗದ ಯಾವ ಕಚೇರಿ ಅಂತ ಹೇಳುವುದಿಲ್ಲ. ಹೇಳಿದರೆ ಬಾಕಿಯವರು, ನಮ್ಮದೂ ಹೀಗೇ ಅಲ್ವಾ, ನಮ್ಮ ಹೆಸರು ಯಾಕೆ ಬಿಟ್ಟಿರಿ ಅಂತ ಬೇಜಾರು ಮಾಡಿಕೊಳ್ಳುತ್ತಾರೆ.

ಸೂಪರಿಂಟೆಂಡೆಂಟರು ಒಳ್ಳೆಯವರು. ಅರ್ಜಿ ಕೈಗೆ ತಗೊಂಡ ಕೂಡಲೇ, ‘ಅದಕ್ಕೆಂತ ಮಾರಾಯ್ರೆ, ಮಾಡಣ. ಅಲ್ಲೀವರೆಗೆ ಸ್ವಲ್ಪ ಅಡ್ಜಸ್ಟ್ ಮಾಡ್ಕಳಿ’ ಅಂದರು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಒಂದು ಮಾತಿದೆ. ಕಾಗದದ ಕನ್ನಡದಲ್ಲಿ ಅದಕ್ಕೆ ‘ಸಮಂಜಸ ಹೊಂದಾಣಿಕೆ’ ಅನ್ನುತ್ತಾರೆ. 20ನೇ ಕಲಂ ಪ್ರಕಾರ ಸರ್ಕಾರಿ ಕಚೇರಿ ಅದನ್ನು ನೌಕರನಿಗೆ ಒದಗಿಸಬೇಕು. ಅಂದರೆ ಹೊಂದಿಕೊಳ್ಳಬೇಕಾದ್ದು ಕಚೇರಿ. ಆದರೆ ನಮ್ಮ ಕಡೆ ಹೊಂದಾಣಿಕೆ ಅಂದರೆ ತೀರ್ಥಹಳ್ಳಿ ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವನು ಅರ್ಧ ಕುಂಡೆ ಊರುವುದು. ಹಾಗಾಗಿ ದೆಹಲಿಯಿಂದ ಹೊರಟ ಆ ಮಾತು ಇಲ್ಲಿಗೆ ಬರುವಷ್ಟರಲ್ಲಿ ದಾರಿಯಲ್ಲೆಲ್ಲೋ ಮಗುಚಿಕೊಂಡಿತು. ಈಗ ಹೊಂದಿಕೊಳ್ಳುವುದು ನನ್ನ ಕೆಲಸ.

ಮೊದಲು ಸರ್ಟಿಫಿಕೇಟ್ ಕೇಳಿದರು. ಯುಡಿಐಡಿ ಕಾರ್ಡ್ ಕೊಟ್ಟೆ, ಅಂಗವಿಕಲರಿಗೆ ಸರ್ಕಾರವೇ ಕೊಡುವ ಗುರುತಿನ ಚೀಟಿ. ಅದರಲ್ಲಿ ಶಾಶ್ವತ ಅಂತ ಬರೆದಿದೆ. ಕೇಸ್ ವರ್ಕರ್ ಹಿಂದೆ ಮುಂದೆ ತಿರುಗಿಸಿ ನೋಡಿ, ‘ಇದು ಹಳೇದಾಯ್ತಲ್ಲ ಸಾರ್, ಇತ್ತೀಚಿಂದು ಇದ್ರೆ ಕೊಡಿ’ ಅಂದರು. ಇಡೀ ದೇಶಕ್ಕೆ ಪೋಲಿಯೋ ಹೋಯಿತು ಅಂತ 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸರ್ಟಿಫಿಕೇಟ್ ಕೊಟ್ಟಿತು. ಅದನ್ನು ಯಾರೂ ವರ್ಷ ವರ್ಷ ನವೀಕರಿಸಿ ಅನ್ನುವುದಿಲ್ಲ. ನನ್ನ ಒಂದು ಕಾಲಿಗೆ ಮಾತ್ರ ಆ ನಂಬಿಕೆ ಇಲ್ಲ. ರಾತ್ರೋರಾತ್ರಿ ಚಿಗುರಿದ್ದರೆ?

ಆಮೇಲೆ ಕಡತ ಹುಟ್ಟಿತು. ಕಾಲಿಲ್ಲದ ಆ ಕಡತ ನಾಲ್ಕು ತಿಂಗಳಲ್ಲಿ ನನಗಿಂತ ಜಾಸ್ತಿ ಸಲ ಮೆಟ್ಟಿಲು ಹತ್ತಿ ಇಳಿಯಿತು. ಪ್ರತಿ ಸಲ ಸಾಹೇಬರ ಕೊಠಡಿಯಿಂದ ಹೊರಬರುವಾಗ ಅಂಚಿನಲ್ಲಿ ಹಸಿರು ಶಾಯಿಯ ಒಂದೇ ಪದ: ಚರ್ಚಿಸಿ. ಚರ್ಚಿಸಲು ಹೋದರೆ ಸಾಹೇಬರು ಮೀಟಿಂಗಿನಲ್ಲಿ. ದೂರು ಕೊಡೋಣ ಅಂದರೆ, ಕಾಯ್ದೆ ಹೇಳಿದ ಹಾಗೆ ನಮ್ಮಲ್ಲೂ ಕುಂದುಕೊರತೆ ಅಧಿಕಾರಿ ಇದ್ದಾರೆ. ಅದೇ ಸಾಹೇಬರು.

ಕಚೇರಿ ಏನೂ ಮಾಡಿಲ್ಲ ಅಂದರೆ ನಾಲಿಗೆಗೆ ಹುಳ ಬೀಳುತ್ತದೆ. ರ‍್ಯಾಂಪ್ ಮಾಡಿದೆ. ಹೊರಬಾಗಿಲಿಗೆ ಮೂರು ಮೆಟ್ಟಿಲು, ತಲಾ ಆರಿಂಚು, ಒಟ್ಟು ಒಂದೂವರೆ ಅಡಿ ಎತ್ತರ. ಒಂದಡಿ ಎತ್ತರಕ್ಕೆ 12 ಅಡಿ ಉದ್ದ ಅನ್ನುವುದು ರ‍್ಯಾಂಪಿನ ಲೆಕ್ಕ. ಅಂದರೆ 18 ಅಡಿ ಆಗಬೇಕು. ನಮ್ಮದು 5 ಅಡಿ. ಆರನೇ ಅಡಿಯಲ್ಲಿ ಸಾಹೇಬರ ಜೀಪು ನಿಲ್ಲುತ್ತದೆ. ಹಳೇ ಸಾರ್ವಜನಿಕ ಕಟ್ಟಡಗಳನ್ನು ನಿಯಮ ಬಂದ 5 ವರ್ಷದೊಳಗೆ ಸರಿಮಾಡಿ ಅಂತ ಕಾಯ್ದೆ ಹೇಳಿತ್ತು. ನಿಯಮ ಬಂದದ್ದು 2017ರ ಜೂನ್‌ನಲ್ಲಿ, ಗಡುವು ಮುಗಿದದ್ದು 2022ರ ಜೂನ್‌ನಲ್ಲಿ. ಆ 5ನ್ನು ನಮ್ಮವರು ಅಡಿ ಅಂತ ಓದಿಕೊಂಡಿರಬೇಕು.

ಮಲೆನಾಡಿನವರಿಗೆ ಇಳಿಜಾರಿನ ಪಾಠ ಬೇರೆ ಬೇಕಾ? ಆಗುಂಬೆ ಘಾಟಿಗೆ 14 ತಿರುವು ಯಾಕೆ ಕೊಟ್ಟರು? ನೇರ ಇಳಿಸಿದ್ದರೆ ಸೋಮೇಶ್ವರ ಬೇಗ ಸಿಗುತ್ತಿತ್ತು. ಬಸ್ಸು ಒಂದು ಹೊತ್ತಿಗೆ, ಜನ ಒಂದು ಹೊತ್ತಿಗೆ ಹೋಗಿ ಮುಟ್ಟುತ್ತಿದ್ದರು. ನಮ್ಮ ರ‍್ಯಾಂಪಿಗೆ ಸಾಲದ್ದಕ್ಕೆ ನುಣ್ಣಗೆ ಗಾರೆ ಮಾಡಿ ರೆಡ್ ಆಕ್ಸೈಡ್ ಹೊಡೆದರು. ಪುನರ್ವಸು ಮಳೆಗೆ ಅದರ ಮೇಲೆ ಪಾಚಿ ಕಟ್ಟಿತು. ಈಗ ಅದನ್ನು ಹತ್ತುವುದು ಸಿಬ್ಬಂದಿಯ ಸ್ಕೂಟರುಗಳು ಮಾತ್ರ, ಅದೂ ಓಡಿ ಬಂದು. ಇಂಥ ಅಳತೆಗಳು ಬರೀ ಸಲಹೆ ಆಗಿದ್ದರೆ ಸಾಲದು, 3 ತಿಂಗಳಲ್ಲಿ ಕಡ್ಡಾಯ ನಿಯಮ ಮಾಡಿ ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೇಂದ್ರ ಸರ್ಕಾರಕ್ಕೆ ಹೇಳಿತು. ನಾನು ಪೇಪರಿನ ತುಣುಕು ಕತ್ತರಿಸಿ ಅರ್ಜಿಗೆ ಅಂಟಿಸಿದೆ. ‘ಅದು ಡೆಲ್ಲಿದಲ್ಲ ಮಾರಾಯ್ರೆ’ ಅಂದರು ಸೂಪರಿಂಟೆಂಡೆಂಟರು.

ನಮ್ಮೂರಿನಲ್ಲಿ ಶಾಲೆಗೆ ಹೋಗುವ ದಾರಿಗೆ ಒಂದು ಹಳ್ಳ ಇತ್ತು. ದಾಟಲು ಎರಡು ಅಡಿಕೆ ಮರ ಜೋಡಿಸಿದ ಸಂಕ. ನಾನು ಒಂದನೇ ಕ್ಲಾಸಿಗೆ ಸೇರಿದ ವರ್ಷ ಅಪ್ಪ ಒಂದು ಬೆಳಗ್ಗೆ ಕತ್ತಿ ಹಿಡಿದು ಹೋಗಿ, ಸಂಕದ ಪಕ್ಕಕ್ಕೆ ಉದ್ದಕ್ಕೂ ಬಿದಿರಿನ ಗಳ ಕಟ್ಟಿದ. ಸೊಂಟದ ಎತ್ತರಕ್ಕೆ. ಅವನ ಸೊಂಟ ಅಲ್ಲ, ನನ್ನ ಸೊಂಟ. ‘ಹಿಡ್ಕಂಡು ದಾಟು’ ಅಂದ. ಅದರ ಹೆಸರು ಸಮಂಜಸ ಹೊಂದಾಣಿಕೆ ಅಂತ ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮಳೆಗಾಲ ಶುರುವಾದರೆ ಅಮ್ಮ ಜಾರುವ ಅಂಗಳಕ್ಕೆ ಸೋಗೆ ಹಾಸುತ್ತಿದ್ದಳು. ರೆಡ್ ಆಕ್ಸೈಡ್ ಹೊಡೆಯುವ ಬುದ್ಧಿ ಅವಳಿಗೆ ಬರಲಿಲ್ಲ.

ನನ್ನದು ಹಾಗಿರಲಿ, ಟಪಾಲು ವಿಭಾಗದ ಮೇಡಂ ಕಥೆ ಇನ್ನೂ ಚೆಂದ. ಅವರಿಗೆ ಕಣ್ಣು ಕಾಣುವುದಿಲ್ಲ. ಕಂಪ್ಯೂಟರಿನ ಪರದೆಯಲ್ಲಿ ಇರುವುದನ್ನು ಓದಿ ಹೇಳುವ ತಂತ್ರಾಂಶ ಹಾಕಿಕೊಡಿ ಅಂತ ಕೇಳಿದರು. ಎನ್‌ವಿಡಿಎ ಅಂತ ಒಂದಿದೆ. ಪುಕ್ಕಟೆ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಪುಕ್ಕಟೆ ಅನ್ನುವುದೇ ತೊಡಕಾಯಿತು. ಮೂರು ಕೊಟೇಷನ್ ಬೇಕು, ಅದರಲ್ಲಿ ಕಮ್ಮಿ ದರದ್ದು ಆರಿಸಬೇಕು. ಸೊನ್ನೆ ರೂಪಾಯಿಗೆ ಮೂರು ಕೊಟೇಷನ್ ಕೊಡುವ ಅಂಗಡಿ ನೆಹರೂ ರಸ್ತೆ, ದುರ್ಗಿಗುಡಿ ಎರಡೂ ಕಡೆ ಸಿಗಲಿಲ್ಲ. ಕಡೆಗೆ ಮೇಡಂ ಮಗ ಬಂದು ಹತ್ತು ನಿಮಿಷದಲ್ಲಿ ಹಾಕಿಕೊಟ್ಟು ಹೋದ.

ಆದರೆ ನಮ್ಮ ಹಳೇ ಪತ್ರಗಳೆಲ್ಲ ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನಲ್ಲಿವೆ. ಕಣ್ಣಿಗೆ ಅದು ಕನ್ನಡ. ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ‘ಮಾನ್ಯರೇ’ ಅಂತ ಶುರುವಾಗುವ ಪತ್ರವನ್ನು ಯಂತ್ರ ಓದಿದರೆ, ಯಾರೋ ಬಾಯಿ ತುಂಬ ಕವಳ ಇಟ್ಟುಕೊಂಡು ಬೈದ ಹಾಗೆ ಕೇಳುತ್ತದೆ. ಮೊನ್ನೆ ವಿಕಲಚೇತನ ನೌಕರರ ಸೌಲಭ್ಯಗಳ ಬಗ್ಗೆಯೇ ಒಂದು ಸುತ್ತೋಲೆ ವಾಟ್ಸ್‌ಆ್ಯಪ್‌ನಲ್ಲಿ ಬಂತು. ಕಾಗದದ ಫೋಟೋ, ಅಡ್ಡಡ್ಡ ತೆಗೆದದ್ದು, ಮೂಲೆಯಲ್ಲಿ ತೆಗೆದವರ ಹೆಬ್ಬೆರಳು. ಮೇಡಂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕಾದರು. ಯಂತ್ರ ‘ಗ್ರಾಫಿಕ್’ ಅಂತು. ಅಷ್ಟೇ.

ಕಚೇರಿ ಕೈಕಟ್ಟಿ ಕೂರಲಿಲ್ಲ. ಮೇಡಂ ಮೇಜಿನ ಮೇಲೆ ಒಂದು ಹೊಸ ಟ್ಯೂಬ್‌ಲೈಟ್ ಹಾಕಿಸಿಕೊಟ್ಟಿತು. ‘ಇರ್ಲಿ ಬಿಡಿ ಸಾರ್’ ಅಂದರು ಮೇಡಂ, ‘ಬಂದವ್ರಿಗೆ ನಾನು ಕಾಣ್ತೀನಲ್ಲ.’

ಡಿಸೆಂಬರ್ 3 ವಿಶ್ವ ಅಂಗವಿಕಲರ ದಿನ. ಆವತ್ತು ನಮಗೆ ಸನ್ಮಾನ. ಸಭಾಂಗಣ ಮೇಲಿನ ಮಹಡಿಯಲ್ಲಿ, ಮತ್ತೆ ವೇದಿಕೆಗೆ ನಾಲ್ಕು ಮೆಟ್ಟಿಲು ಬೇರೆ. ಹತ್ತಿದೆ. ಶಾಲು ಹೊದಿಸಿದರು, ಹಾರ ಹಾಕಿದರು, ಮೈಸೂರು ಪೇಟ ಇಟ್ಟರು. ಪೇಟ ಯಾರದೋ ದೊಡ್ಡ ತಲೆಯ ಅಳತೆಯದು, ಸೀದಾ ಹುಬ್ಬಿನವರೆಗೆ ಇಳಿಯಿತು. ಹಣ್ಣಿನ ಬುಟ್ಟಿ ಕೊಡುವಾಗ ಎರಡೂ ಕೈ ಚಾಚಬೇಕಲ್ಲ? ಒಂದು ಕೈಯಲ್ಲಿ ಊರುಗೋಲು. ಫೋಟೋದವನು, ‘ಸಾರ್, ಆ ಕೋಲು ಇದ್ರೆ ಚೆನ್ನಾಗಿ ಬರಲ್ಲ’ ಅಂದ. ನಿರೂಪಣೆ ಮಾಡುತ್ತಿದ್ದವರು ಅದನ್ನು ಇಸಕೊಂಡು ಹೋದರು. ಫೋಟೋ ಆಯಿತು. ಕೋಲು ವಾಪಸ್ ಬರಲಿಲ್ಲ. ಮುಖ್ಯ ಅತಿಥಿಗಳ ಭಾಷಣ ಶುರುವಾಯಿತು. ಅಂಗವಿಕಲ ಅನ್ನಬೇಡಿ, ವಿಕಲಚೇತನ ಅನ್ನಿ. ಅದೂ ಬೇಡ, ವಿಶೇಷಚೇತನ ಅನ್ನಿ ಅಂದರು. ಇವರು ಯಾರ ಆಸರೆಯೂ ಇಲ್ಲದೆ ನಿಲ್ಲಬಲ್ಲರು ಅಂದರು. ಜನ ಚಪ್ಪಾಳೆ ತಟ್ಟಿದರು. ನಾನು ಸೇಬು, ಕಿತ್ತಳೆ ತುಂಬಿದ ಬುಟ್ಟಿಯನ್ನು ಎದೆಗೆ ಅವಚಿಕೊಂಡು, ಬ್ಯಾನರ್ ಕಟ್ಟಿದ ಕಂಬಕ್ಕೆ ಒರಗಿ, 40 ನಿಮಿಷ ನಿಂತೆ. ಕೆಳಗೆ ಮುಂದಿನ ಸಾಲಿನಲ್ಲಿ ಮೇಡಂಗೆ ಕೊಟ್ಟ ನೆನಪಿನ ಕಾಣಿಕೆ ಕೈಯಿಂದ ಕೈಗೆ ಹೋಗುತ್ತಿತ್ತು. ಜೋಗದ ಚಿತ್ರ, ಫ್ರೇಮ್ ಹಾಕಿಸಿದ್ದು.

ಹೋದ ಶನಿವಾರ ಮಧ್ಯಾಹ್ನ ನಮ್ಮ ದಲಾಯತ್ ನಾನು ಇಳಿಯುವುದನ್ನೇ ನೋಡುತ್ತಾ ನಿಂತಿದ್ದ. ‘ಎಷ್ಟು ತೂಕ ಇರ್ಬಹುದು ಸಾರ್ ಆ ಮೇಜು?’ ಅಂದ. ಟೀ ತರುವ ಹುಡುಗನನ್ನು ಕರೆದ. ಇಬ್ಬರೂ ಸೇರಿ ಇಳಿಸಿದರು. ತಿರುವಿನಲ್ಲಿ ಒಮ್ಮೆ ಉಸಿರು ಬಿಟ್ಟದ್ದೂ ಸೇರಿ ಆರು ನಿಮಿಷ. ಮಡಚಿದ ಫಾರಂ ಮೇಲೇ ಬಿದ್ದುಹೋಗಿತ್ತು. ಹುಡುಗ ಮತ್ತೆ ಓಡಿ ಹೋಗಿ ತಂದು ಗಿಡ್ಡ ಕಾಲಿನ ಅಡಿಗೆ ಕೊಟ್ಟ.

ಸೋಮವಾರ ನೋಟಿಸ್ ಬಂತು. ಅನುಮತಿ ಇಲ್ಲದೆ ಸರ್ಕಾರಿ ಮೇಜನ್ನು ಸ್ಥಳಾಂತರಿಸಿದ್ದು ಯಾಕೆ, ಮೂರು ದಿನದೊಳಗೆ ಲಿಖಿತ ವಿವರಣೆ ಕೊಡಿ ಅಂತ. ಬರೆದೆ: ‘ಮಾನ್ಯರೇ, ಸದರಿ ಮೇಜು ಸ್ವಲ್ಪ ಅಡ್ಜಸ್ಟ್ ಮಾಡಿಕೊಂಡಿರುತ್ತದೆ.’ ಸಹಿ ಹಾಕಿ, ಯುಡಿಐಡಿ ಕಾರ್ಡಿನ ಜೆರಾಕ್ಸ್ ಲಗತ್ತಿಸಿ ಮೇಲೆ ಕಳಿಸಿದೆ.

ನಿನ್ನೆ ಕಡತ ಕೆಳಗೆ ಬಂತು. ಅಂಚಿನಲ್ಲಿ ಹಸಿರು ಶಾಯಿ: ಚರ್ಚಿಸಿ.