ತೆಪೋಸ್ಟ್ಲಾನ್‌ನಲ್ಲಿ ಕಪ್ಪೆ, ಇರುವೆಗಳ ಪೂಜೆ ನಡೆಯುವುದಿಲ್ಲ
ಮೆಕ್ಸಿಕೋದ ಗುಡ್ಡದೂರು ತೆಪೋಸ್ಟ್ಲಾನ್‌ನಲ್ಲಿ ಒಂದೊಂದು ಕೇರಿಯವರು ಒಂದೊಂದು ಪ್ರಾಣಿಯನ್ನು ಪೂಜಿಸುತ್ತಾರೆ ಎಂಬ ಸಂದೇಶ ಓಡಾಡುತ್ತಿದೆ. ಅದು ತಪ್ಪು. ಕೇರಿಗೊಂದು ಪುಟ್ಟ ಇಗರ್ಜಿ ಇರುವುದೇನೋ ನಿಜ, ಆದರೆ ಅವೆಲ್ಲ ಕ್ಯಾಥೊಲಿಕರವು. ಕೇರಿಗಳ ಹೆಸರು ಬಂದಿರುವುದೂ ಅವುಗಳಿಂದಲೇ. ಪ್ರಾಣಿ ಸುಮ್ನೆ ಅಡ್ಡಹೆಸರು: ಸಾಂತೋ ದೊಮಿಂಗೊದವರು ಕಪ್ಪೆಗಳು, ಲಾ ಸಾಂತೀಸಿಮಾದವರು ಇರುವೆಗಳು, ಸಾನ್ ಮಿಗೆಲ್‌ನವರು ಹಲ್ಲಿಗಳು. ಇರುವೆ ಅಂತ ಕರೆಸಿಕೊಂಡ ಮಾತ್ರಕ್ಕೆ ಇರುವೆಗೆ ಕೈ ಮುಗಿಯುತ್ತಾರಾ?

ಸಂದೇಶದ ಜೊತೆಗಿರುವ ಚಿತ್ರ ಬೆಟ್ಟದ ತುದಿಯ ಕಲ್ಲಿನ ಗುಡಿಯದು. ಅದು ಕೇರಿಯ ಇಗರ್ಜಿಯಲ್ಲ. ಸ್ಪೇನಿನವರು ಬರುವ ಮುಂಚೆಯೇ, ಪುಲ್ಕೆ ಎಂಬ ಕತ್ತಾಳೆ ಹೆಂಡದ ದೇವರು ತೆಪೋಸ್ತೆಕಾತ್ಲ್‌ಗೆ ಕಟ್ಟಿದ್ದು. ಗೊಂದಲಕ್ಕೆ ಸೆಪ್ಟೆಂಬರ್ 8 ಕೂಡ ಕಾರಣವಿರಬಹುದು. ಅವತ್ತು ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ, ತೆಪೋಸ್ತೆಕಾತ್ಲ್ ಹೆಸರಿನ ತೆಪೋಸ್ತೆಕೋ ಹಬ್ಬ ಎರಡೂ ಒಟ್ಟಿಗೇ ನಡೆಯುತ್ತವೆ.