ಗೆರೆ ಎಳೆದರೆ ಜಾಗ ಹುಟ್ಟುವುದಿಲ್ಲ

ಕಲಬುರಗಿಯ ಜೇವರ್ಗಿ ರಸ್ತೆ ಕಡೆಯ ಬಡಾವಣೆಗಳಲ್ಲಿ ಹೊಸ ಅಪಾರ್ಟ್‌ಮೆಂಟ್ ಬಂದರೆ ರಸ್ತೆ ಬದಿ ಬಿಳಿ ಗೆರೆ ಎಳೆದು ಪಾರ್ಕಿಂಗ್ ಮಾಡಿಕೊಡಿ ಎಂದು ಬರೆದಿದ್ದೀರಿ. ನನಗೆ ಒಪ್ಪಿಗೆ ಇಲ್ಲ. ಅದು ಬಿಲ್ಡರ್ ಕೆಲಸವನ್ನು ಸುಮ್ನೆ ಓಣಿಯವರ ತಲೆಗೆ ಕಟ್ಟಿದಂತೆ.

ತೊಂದರೆ ಶುರುವಾಗುವುದೇ ಮಾರಾಟದ ಹೊತ್ತಿಗೆ. ಫ್ಲಾಟಿಗೆ ಒಂದು ರೇಟು, ಪಾರ್ಕಿಂಗಿಗೆ ಬೇರೆ ರೇಟು. ಅಷ್ಟು ಕೊಡಲಾಗದವರು ಕಾರನ್ನು ರಸ್ತೆಗೆ ಬಿಡುತ್ತಾರೆ, ಒಳಗೆ ಜಾಗ ಖಾಲಿ ಇರುತ್ತದೆ! 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಪ್ರಕಾರ ತೆರೆದ ಪಾರ್ಕಿಂಗ್ ಜಾಗ ಎಲ್ಲ ನಿವಾಸಿಗಳಿಗೂ ಸೇರಿದ್ದು. ಕಟ್ಟಡದ ಕೆಳಗಿನ ಕಂಬಗಳ ನಡುವಿನ ಜಾಗವನ್ನೂ ಬಿಲ್ಡರ್ ಬೇರೆಯಾಗಿ ಮಾರುವಂತಿಲ್ಲ ಎಂದು ಮುಂಬೈನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಫ್ಲಾಟ್ ಕೊಳ್ಳುವವರು ಇದನ್ನು ಕೇಳಬೇಕಲ್ವಾ?

ಇನ್ನು ನಮ್ಮ ಕಲಬುರಗಿ ಬಿಸಿಲು. ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ, ನೆರಳಿಲ್ಲದ ಜಾಗ ಕೊಟ್ಟರೆ ಯಾರೂ ಅಲ್ಲಿ ನಿಲ್ಲಿಸುವುದಿಲ್ಲ. ಎದುರು ಮನೆಯ ಬೇವಿನ ಮರದ ಕೆಳಗೇ ಬರುತ್ತಾರೆ. (ಬೈಕಿನವರಂತೂ ಕೇಳಲೇಬೇಡಿ.) ಅದೇ ಹೊತ್ತಿಗೆ ನೀರಿನ ಟ್ಯಾಂಕರ್ ಬರುತ್ತದೆ. ಎರಡೂ ಬದಿ ಕಾರು ನಿಂತ ಓಣಿಯಲ್ಲಿ ಅದು ತಿರುಗುವುದು ಹೇಗೆ? ಅಗ್ನಿಶಾಮಕ ವಾಹನದ ಮಾತು ಬೇರೆ.

ಹಾಗಾಗಿ ಪಾಲಿಕೆ ಕಟ್ಟಡಕ್ಕೆ ವಾಸದ ಅನುಮತಿ ಕೊಡುವ ಮೊದಲು ಕೆಳ ಮಹಡಿಯನ್ನು ಕಣ್ಣಾರೆ ನೋಡಲಿ. ನಕ್ಷೆಯಲ್ಲಿ ಪಾರ್ಕಿಂಗ್ ಇದ್ದ ಕಡೆ ಅಂಗಡಿ, ಗೋಡೌನ್ ಎದ್ದಿದ್ದರೆ ಅನುಮತಿ ತಡೆಯಲಿ. ಬಂದುಹೋಗುವ ನೆಂಟರ ಗಾಡಿಗೂ ಒಂದಿಷ್ಟು ಜಾಗ ಒಳಗೇ ಇರಲಿ. ಗೆರೆ ಎಳೆಯುವ ಮಾತು ಆಮೇಲೆ.