ಅವಾರ್ಡು ಯಾರಿಗಿ ಬಂತಬೇ?

ಶನಿವಾರ ಸಂಜೆ ಏಳಕ್ಕೆ ಟೀವಿಯಲ್ಲಿ ಅವಾರ್ಡ್ ಕಾರ್ಯಕ್ರಮ ಅಂದರೆ ರಾಯಚೂರಿನ ಮನೆಗಳಲ್ಲಿ ಮಧ್ಯಾಹ್ನವೇ ತಯಾರಿ ಶುರುವಾಗಬೇಕು. ಮೊದಲು ಇನ್ವರ್ಟರ್. ಬ್ಯಾಟರಿ ಮುಚ್ಚಳದ ತೇಲುಕಡ್ಡಿ ಕೆಂಪು ಗೆರೆಗೆ ಇಳಿದಿದ್ದರೆ ಡಿಸ್ಟಿಲ್ಡ್ ವಾಟರನ್ನೇ ಹಾಕಿ. ಬೋರಿನ ನೀರು ಸುರಿದರೆ ಅದರ ಉಪ್ಪು ಪ್ಲೇಟುಗಳನ್ನು ತಿಂದುಹಾಕುತ್ತದೆ.

ಆಮೇಲೆ ಲೆಕ್ಕ. 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಅಂದರೆ ಕಾಗದದ ಮೇಲೆ 1,800 ವಾಟ್-ಅವರ್. ಸೋರಿಕೆ ಕಳೆದು ಕೈಗೆ ಸಿಗುವುದು 1,200ರಷ್ಟು. 43 ಇಂಚಿನ ಟೀವಿಗೆ 80 ವಾಟ್, ಸೆಟ್ ಟಾಪ್ ಬಾಕ್ಸಿಗೆ 15, ಎರಡು ಫ್ಯಾನಿಗೆ 150, ಟ್ಯೂಬ್‌ಲೈಟಿಗೆ 20 ಹಿಡಿದರೆ ನಾಲ್ಕೂವರೆ ತಾಸು ನಿಭಾಯಿಸಬಹುದು. ಅದರ ಜೊತೆಗೆ 180 ವಾಟಿನ ಕೂಲರನ್ನೂ ಹಾಕಿದಿರೋ, ಆಟ ಮೂರು ತಾಸಿನೊಳಗೇ ಮುಗಿಯಿತು. ಖಳನಾಯಕನ ಅವಾರ್ಡಿನವರೆಗೆ ತಣ್ಣಗೆ ಕೂತಿರುತ್ತೀರಿ, ನಾಯಕನ ಹೊತ್ತಿಗೆ ಕತ್ತಲು. ಪಕ್ಕದಲ್ಲೇ ಶಕ್ತಿನಗರದ ವಿದ್ಯುತ್ ಸ್ಥಾವರ, ಅಲ್ಲಿ 210 ಮೆಗಾವಾಟಿನ ಏಳು ಘಟಕ, 250ರದ್ದು ಇನ್ನೊಂದು, ಆದರೂ ನಿಮ್ಮಲ್ಲಿ ಕರೆಂಟ್ ಹೋಗತದೇನು ಅಂತ ಬೆಂಗಳೂರಿನಿಂದ ಬಂದ ಬೀಗರು ಕೇಳಿಯೇ ಕೇಳುತ್ತಾರೆ. ಅಲ್ಲಿ ಹುಟ್ಟಿದ ಕರೆಂಟ್ ಗ್ರಿಡ್ಡಿಗೆ ಹೋಗುತ್ತದೆ. ನಮ್ಮ ಓಣಿಯ ಕಂಬದ ಫ್ಯೂಸಿಗೆ ಆ ನೆಂಟಸ್ತಿಕೆಯ ಅರಿವಿಲ್ಲ.

ಬೇಸಿಗೆಯ ಸಂಜೆ ಗಾಳಿ-ಮಳೆ ಬಂದರೆ ಡಿಶ್ ಕೈಕೊಡುತ್ತದೆ. ಸಿಗ್ನಲ್ ಹೊರಡುವುದು ಸುಮಾರು 36,000 ಕಿ.ಮೀ. ಮೇಲಿನ ಉಪಗ್ರಹದಿಂದ. ಅಷ್ಟು ದೂರ ಸುಸೂತ್ರವಾಗಿ ಬಂದ ಕೆಯು ಬ್ಯಾಂಡ್ ಎಂಬ ರೇಡಿಯೊ ಅಲೆಯನ್ನು ಕೊನೆಯ ನಾಲ್ಕೈದು ಕಿಲೋಮೀಟರಿನಲ್ಲಿ ದಪ್ಪ ಮಳೆಹನಿಗಳು ಹೀರಿ, ಚೆದುರಿಸಿಬಿಡುತ್ತವೆ. ಆಗ ಮಾಡಬೇಕಾದ್ದು ಏನೂ ಇಲ್ಲ, ಮಳೆ ಸಣ್ಣಗಾದರೆ ಚಿತ್ರ ತಾನೇ ಬರುತ್ತದೆ. ಆದರೆ ಪ್ರತಿ ಮನೆಯಲ್ಲೂ ಛತ್ರಿ ಹಿಡಿದು ಮಾಳಿಗೆ ಹತ್ತುವ ಒಬ್ಬ ಪರಿಣತ ಇರುತ್ತಾನೆ. ಆತ ಡಿಶ್ಶನ್ನು ಎರಡು ಡಿಗ್ರಿ ತಿರುಗಿಸಿದನೆಂದರೆ ಮಳೆ ನಿಂತ ಮೇಲೂ ಸಿಗ್ನಲ್ ಇಲ್ಲ, ಸೋಮವಾರದವರೆಗೆ ಮೆಕ್ಯಾನಿಕ್ಕೂ ಇಲ್ಲ. ಮಳೆಯೇ ಇಲ್ಲದೆ ಚಿತ್ರ ಚೌಕ ಚೌಕವಾಗಿ ಒಡೆದರೆ ಎಲ್‌ಎನ್‌ಬಿಯ, ಅಂದರೆ ಡಿಶ್ಶಿನ ಮುಂದೆ ಕಡ್ಡಿಯ ತುದಿಯಲ್ಲಿ ಸಿಗ್ನಲ್ ಹಿಡಿಯುವ ಡಬ್ಬಿಯ, ಮುಂದಿನ ಪ್ಲಾಸ್ಟಿಕ್ ಟೊಪ್ಪಿಗೆ ನೋಡಿ. ನಮ್ಮ ಬಿಸಿಲಿಗೆ ಅದು ಸೀಳುತ್ತದೆ, ಒಳಗೆ ನೀರು ಇಳಿಯುತ್ತದೆ. ಅದೂ ಸರಿಯಿದ್ದರೆ, ಡಿಶ್ಶಿನ ಮುಂದೆ ಹಗ್ಗಕ್ಕೆ ಯಾರು ಹಸಿ ಚಾದರ ಹರವಿದ್ದಾರೆ ಎಂದು ವಿಚಾರಿಸಿ.

ಇನ್ನು ಮಿರ್ಚಿ. ಕಡ್ಲಿಹಿಟ್ಟು ಕಲಸಿ, ಅಜವಾನ ಹಾಕಿ, ಮೆಣಸಿನಕಾಯಿ ಸೀಳಿ ಇಟ್ಟುಕೊಂಡಿರಬೇಕು. ಸೋಡಾ ಮಾತ್ರ ಕೊನೆಗೆ ಚಿಟಿಕೆ, ಮೊದಲೇ ಹಾಕಿಟ್ಟರೆ ಉಬ್ಬುವ ಕಸುವು ಬಾಣಲೆಗೆ ಬೀಳುವ ಮೊದಲೇ ಹೋಗಿರುತ್ತದೆ. ಒಂದು ಘಾಣ, ಅಂದರೆ ಬಾಣಲೆಗೆ ಒಮ್ಮೆ ಬಿಟ್ಟಷ್ಟು, ಬೇಯಲು ನಾಲ್ಕೈದು ನಿಮಿಷ ಬೇಕು. ನಿಯಮದ ಪ್ರಕಾರ ಜಾಹೀರಾತು ತಾಸಿಗೆ 12 ನಿಮಿಷ, ಅಂದರೆ ತಾಸಿಗೆ ಎರಡು ಘಾಣ ಆರಾಮ. ತೊಂದರೆ ಏನೆಂದರೆ ಬ್ರೇಕ್ ಬರುವುದೇ ಲಕೋಟೆ ಒಡೆಯುವ ಹೊತ್ತಿಗೆ. ಎಣ್ಣೆ ಕಾದಿರುತ್ತದೆ, ಮಿರ್ಚಿ ಇನ್ನೂ ಬೆಳ್ಳಗಿರುತ್ತದೆ, ಒಳಗೆ ಚಪ್ಪಾಳೆ ಕೇಳುತ್ತದೆ.

“ಯಾರಿಗಿ ಬಂತಬೇ?”

“ಇನ್ನಾ ಹೇಳಿಲ್ರಿ ಅತ್ತಿ, ಮತ್ತ ತಡದಾರ.”

ಧಾರಾವಾಹಿಗಳ ಅವಾರ್ಡಾದರೆ ಅತ್ತೆಗೊಂದು, ಸೊಸೆಗೊಂದು ಪ್ರಶಸ್ತಿ ಇರುತ್ತದೆ. ಆ ಎರಡು ಹೊತ್ತು ಬಾಣಲೆ ಇಳಿಸಿ ಇಬ್ಬರೂ ಸೋಫಾದ ಮೇಲಿರುವುದು ಕ್ಷೇಮ. ಯಾರಿಗೆ ಬಂದರೂ ಮೆಚ್ಚುಗೆ ಅಳತೆಯಲ್ಲಿರಲಿ. ಇಂಥ ಬಹುತೇಕ ಕಾರ್ಯಕ್ರಮಗಳು ಮೊದಲೇ ಚಿತ್ರೀಕರಿಸಿ, ಕತ್ತರಿಸಿ, ಆಮೇಲೆ ಬಿತ್ತರವಾಗುವಂಥವು. ಹಾಗಾಗಿ ಫಲಿತಾಂಶ ಮೊಬೈಲಿನಲ್ಲಿ ನೋಡಿಕೊಂಡ ಹುಡುಗ ಮನೆಯಲ್ಲಿದ್ದರೆ ಅವನ ಬಾಯಿಗೆ ಮೊದಲ ಮಿರ್ಚಿ, ಬಿಸಿಬಿಸಿಯಾಗಿಯೇ.

ಆಸ್ಕರ್ ಮಾತ್ರ ಲೈವ್. ಹುಟ್ಟಿದ್ದು ನಮ್ಮ ಮಾನ್ವಿ ತಾಲ್ಲೂಕಿನ ಕ್ಯಾಂಪಿನಲ್ಲಿ ಅಂತ ಜಿಲ್ಲೆಯವರು ಹೆಮ್ಮೆಪಡುವ ರಾಜಮೌಳಿಯವರ ಚಿತ್ರದ ಹಾಡಿಗೆ ಅದು ಬಂದದ್ದು 2023ರ ಮಾರ್ಚ್ 13ರ ಸೋಮವಾರ. ಆ ಸಲ ಸಮಾರಂಭ ಇಲ್ಲಿಯ ವೇಳೆ ಬೆಳಿಗ್ಗೆ ಐದೂವರೆಗೆ ಶುರುವಾಗಿತ್ತು. ಆ ಹೊತ್ತಿಗೆ ಮಿರ್ಚಿಯ ಗೊಡವೆ ಇಲ್ಲ, ಚಹಾ ಸಾಕು. ಆದರೆ ನಳಕ್ಕೆ ನೀರು ಬಿಡುವುದೂ ಹೆಚ್ಚುಕಡಿಮೆ ಅದೇ ಹೊತ್ತು. ಲಕೋಟೆ ಒಡೆಯುವಾಗ ನಳ ಸುಂಯ್ ಎಂದರೆ ಕೊಡ ಹಿಡಿದು ಏಳುವವರು ಯಾರು ಎಂಬುದನ್ನು ಹಿಂದಿನ ರಾತ್ರಿಯೇ ಎಲ್ಲರೆದುರು ತೀರ್ಮಾನ ಮಾಡಿಕೊಳ್ಳಿ.